ದೀಪ ಉರಿದ ಹದಿನೆಂಟು ನಿಮಿಷ

ಹತ್ತಿಯ ಕೈಗವಸು ಹಾಕಿಕೊಂಡು ದೀಪವನ್ನು ಹೋಲ್ಡರಿನಲ್ಲಿ ಕೂರಿಸಿ, ಸ್ವಿಚ್ಚು ಒತ್ತುವ ಮೊದಲು ಅವಳು ಎಂದಿನಂತೆ ಗಂಟೆ ಎಣಿಸುವ ಡಬ್ಬಿಯ ಕಡೆ ನೋಡಿದಳು. ನಾನೂರ ಹನ್ನೆರಡು ಗಂಟೆ, ಇಪ್ಪತ್ನಾಲ್ಕು ನಿಮಿಷ. ಪುಟ್ಟ ಟಾರ್ಚನ್ನು ದೀಪದ ಲೆಕ್ಕದ ಪುಸ್ತಕದ ಮೇಲೆ ಹಿಡಿದಳು. ಕೊನೆಯ ಸಾಲು ಅವಳದೇ ಅಕ್ಷರ. ನಾನೂರ ಹನ್ನೆರಡು ಗಂಟೆ, ಆರು ನಿಮಿಷ.

ಮತ್ತೆ ಡಬ್ಬಿ ನೋಡಿದಳು. ಮತ್ತೆ ಪುಸ್ತಕ ನೋಡಿದಳು. ಹದಿನೆಂಟು ನಿಮಿಷ ಎಲ್ಲಿಗೆ ಹೋಯಿತು?

ಇದು ಮನೆಯಲ್ಲಿ ಉರಿಯುವ ದೀಪದಂಥದ್ದಲ್ಲ. ಬೆಳಕು ಅಳೆಯುವ ಆ ಪ್ರಯೋಗಾಲಯದಲ್ಲಿ ಬೇರೆಲ್ಲ ದೀಪ, ಬೇರೆಲ್ಲ ಮೀಟರು ಸರಿಯಿದೆಯೇ ಎಂದು ನೋಡುವುದು ಈ ಒಂದು ದೀಪದ ಮುಂದೆ ಇಟ್ಟು. ಉರಿದಷ್ಟೂ ಅದಕ್ಕೆ ವಯಸ್ಸಾಗುತ್ತದೆ. ಹಾಗಾಗಿ ಅದು ಉರಿದ ಪ್ರತಿ ನಿಮಿಷವನ್ನೂ ತಾರೀಖಿನ ಸಮೇತ ಬರೆದಿಡಬೇಕು. ಪುಸ್ತಕದ ಮೊದಲ ಪುಟಗಳಲ್ಲಿ ಅವಳ ಗಂಡನ ಅಕ್ಷರವಿತ್ತು. ಅವನು ಹೋಗಿ ಹದಿನಾಲ್ಕು ವರ್ಷವಾಯಿತು. ಅವನ ಕೆಲಸ, ಅವನ ಕಪ್ಪು ಕೋಟು, ಅವನ ದೀಪ ಮೂರೂ ಅವಳಿಗೆ ಬಂದಿದ್ದವು. ಅಷ್ಟು ವರ್ಷದಲ್ಲಿ ಪುಸ್ತಕಕ್ಕೂ ಡಬ್ಬಿಗೂ ಒಂದು ನಿಮಿಷದ ತಕರಾರು ಬಂದಿರಲಿಲ್ಲ.

"ಏನಾದ್ರೂ ತೊಂದರೆಯಾ ಮೇಡಂ?" ಹಿಂದಿನಿಂದ ಇನ್ಸ್‌ಪೆಕ್ಟರು ಕೇಳಿದರು.

"ಏನಿಲ್ಲ," ಎಂದು ಸ್ವಿಚ್ಚು ಒತ್ತಿದಳು.

ದೀಪ ಮೆಲ್ಲಗೆ ಕಣ್ಣು ಬಿಟ್ಟಿತು. ಕಪ್ಪು ಗೋಡೆ, ಕಪ್ಪು ಪರದೆ, ಕಪ್ಪು ಬಣ್ಣದ ಉದ್ದನೆಯ ಮೇಜು. ಅದರ ಮೇಲೆ ಹಳಿಯಂಥ ಪಟ್ಟಿ, ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಮೀಟರು. ದೀಪ ಹದಕ್ಕೆ ಬರಲು ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ, ಆಮೇಲೆ ಅಳತೆ ಮುಗಿಯುವವರೆಗೆ, ಬಾಗಿಲು ತೆಗೆಯುವಂತಿಲ್ಲ. ಒಳಗೆ ಬಂದವರು ಒಳಗೇ.

ಇನ್ಸ್‌ಪೆಕ್ಟರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಬಿಳಿ ಬಟ್ಟೆಗೆ ಬಡಿದ ಬೆಳಕೂ ಮೀಟರಿಗೆ ಬಿದ್ದು ಅಂಕಿ ಕೆಡುತ್ತದೆ ಎಂದು ಅವರಿಗೂ ಒಂದು ಕಪ್ಪು ಕೋಟು ತೊಡಿಸಿ ಸ್ಟೂಲಿನ ಮೇಲೆ ಕೂರಿಸಿದ್ದಳು. ಕರಡಿ ವೇಷ ಹಾಕಿಸಿ ಆಟಕ್ಕೆ ಮಾತ್ರ ಸೇರಿಸಿಕೊಳ್ಳದ ಹಾಗಾಯಿತು ನನ್ನ ಕಥೆ ಎಂದು ಅವರು ಗೊಣಗಿದ್ದರು.

ಬಂದ ಕಾರಣ ಅವಳಿಗೆ ಗೊತ್ತಿತ್ತು. ಹನ್ನೊಂದು ದಿನದ ಹಿಂದೆ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ತಾತ ಕಿಟಕಿಯಿಲ್ಲದ ಮೆಟ್ಟಿಲಿನಿಂದ ಉರುಳಿ ಸತ್ತಿದ್ದ. ಹಿಂದೆಯೇ ಇಳಿಯುತ್ತಿದ್ದವಳು ಅಂಗಿಗಳಿಗೆ ಗುಂಡಿಯ ತೂತು, ಅಂದರೆ ಕಾಜಾ, ಹೊಲಿಯುವ ಹುಡುಗಿ. ಎಲ್ಲರೂ ಅವಳನ್ನು ಕಾಜಾ ಎಂದೇ ಕರೆಯುತ್ತಿದ್ದರಂತೆ. ಆ ದಿನ ಬೆಳಿಗ್ಗೆ ತಾತನಿಗೂ ಅವಳಿಗೂ ದಾರದ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. ಮೇಲಿನಿಂದ ನೋಡಿದವರೊಬ್ಬರು ಅವಳ ಕೈ ಮುಂದೆ ಚಾಚಿದ್ದನ್ನು ಕಂಡಿದ್ದರು. ಅಷ್ಟು ಸಾಕಾಯಿತು. ಈಗ ಹುಡುಗಿ ಲಾಕಪ್ಪಿನಲ್ಲಿದ್ದಳು.

"ನಮ್ಮ ಕಡೆ ಒಂದೇ ಹಾಡು ಅವಳದು," ಎಂದರು ಇನ್ಸ್‌ಪೆಕ್ಟರು. "ಕತ್ತಲಿತ್ತು ಸಾರ್, ತಾತ ತಡಬಡಾಯಿಸಿದ್ರು, ಕೈ ಹಿಡಿಯೋಕೆ ಹೋದೆ, ಸಿಗಲಿಲ್ಲ ಅಂತ. ಹನ್ನೊಂದು ದಿನದಿಂದ ಅದೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಮೆಟ್ಟಿಲ ದೀಪ ಫಳಫಳ ಉರಿಯುತ್ತಿತ್ತು ಎಂದು ಮಾಲೀಕ ಹೇಳುತ್ತಿದ್ದ. ಈಗ ಅಲ್ಲಿರುವುದು ಹೊಸ ಬಲ್ಬು ಎಂಬುದು ನಿಜ. ಹೋಲ್ಡರಿನ ಮೇಲೆ ಬೆರಳು ಮುಳುಗುವಷ್ಟು ಧೂಳು, ಬಲ್ಬಿನ ಮೇಲೆ ಒಂದು ಕಣವೂ ಇಲ್ಲ. ತಾತ ಬೀಳುವ ಹಿಂದಿನ ವಾರವಷ್ಟೇ ಬದಲಾಯಿಸಿದೆ ಎನ್ನುತ್ತಾನೆ ಮಾಲೀಕ. ತಾತ ಬಿದ್ದ ಮೇಲೆ ಬದಲಾಯಿಸಿದ್ದು ಎನ್ನುತ್ತಾಳೆ ಹುಡುಗಿ. ಇನ್ಸ್‌ಪೆಕ್ಟರು ಇದನ್ನೆಲ್ಲ ಹೇಳುತ್ತ ಜೇಬಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದು ದೀಪದ ಕಡೆ ಹಿಡಿದರು. ಒಳಗೆ ಉಗುರಿನಷ್ಟು ದೊಡ್ಡ, ಹಾಲಿನ ಬಣ್ಣದ, ಸ್ವಲ್ಪ ಬಾಗಿದ ಚೂರು.

"ತಾತನ ಮೈ ಕೆಳಗೆ ಸಿಕ್ಕಿದ್ದು. ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲು ಗುಡಿಸಿದ್ದಾರೆ, ಆಗ ಇರಲಿಲ್ಲವಂತೆ. ಗುಂಡಿ ಅಂದ್ಕೊಂಡೆ. ಗುಂಡಿ ವಿಷಯದಲ್ಲಿ ಆ ಹುಡುಗೀನೇ ಪಂಡಿತೆ, ಅವಳಿಗೆ ತೋರಿಸಿದ್ರೆ ನಕ್ಕುಬಿಟ್ಲು. ಲಾಕಪ್ಪಲ್ಲಿ ಕೂತು ನನ್ನನ್ನ ನೋಡಿ ನಗ್ತಾಳೆ."

ಮೇಜಿನ ಮುಂದೆ ನಿಂತಿದ್ದ ಅವಳ ತಲೆಯಲ್ಲಿ ಹದಿನೆಂಟು ನಿಮಿಷ ತಿರುಗುತ್ತಿತ್ತು. ಚೂರನ್ನು ನೋಡಿದರೂ ನೋಡಲಿಲ್ಲ. ಚಹಾದ ಕಪ್ಪೋ ಬಸಿಯೋ ಒಡೆದದ್ದಿರಬೇಕು ಎಂದಳು. ಇನ್ಸ್‌ಪೆಕ್ಟರು ಅದನ್ನು ಮತ್ತೆ ಜೇಬಿಗೆ ಸೇರಿಸಿದರು.

ಹತ್ತು ನಿಮಿಷ ಮುಗಿಯಿತು. ಅವಳು ಮೀಟರನ್ನು ಒಂದು ಮೀಟರ್ ದೂರದ ಗೆರೆಗೆ ತಂದಳು.

"ಈ ಲಕ್ಸು, ಲ್ಯೂಮೆನ್ನು, ಕ್ಯಾಂಡೆಲಾ ಅಂತ ಮೂರು ಹೆಸರು ಯಾಕೆ? ಬೆಳಕು ಒಂದೇ ಅಲ್ವಾ?" ಎಂದು ಅವರು ಕೇಳಿದರು. ಕೋರ್ಟಿನಲ್ಲಿ ವಕೀಲರು ತಮ್ಮನ್ನು ಕೇಳುತ್ತಾರೆ, ಬೆಬ್ಬೆಬ್ಬೆ ಅನ್ನುವ ಹಾಗಾಗಬಾರದು ಎಂದೂ ಸೇರಿಸಿದರು.

ದೀಪ ಸುತ್ತಲೂ ಒಟ್ಟಾರೆ ಎಷ್ಟು ಬೆಳಕು ಚೆಲ್ಲುತ್ತದೋ ಅದು ಲ್ಯೂಮೆನ್ ಎಂದು ಅವಳು ವಿವರಿಸಿದಳು. ಒಂದು ದಿಕ್ಕಿನತ್ತ ಎಷ್ಟು ಬಲವಾಗಿ ಎಸೆಯುತ್ತದೋ ಅದು ಕ್ಯಾಂಡೆಲಾ. ಹೀಗೆ ಹೊರಟ ಬೆಳಕು ಕೊನೆಗೆ ನಮ್ಮ ಕೈಯ ಮೇಲೋ, ಪುಸ್ತಕದ ಮೇಲೋ, ಮೆಟ್ಟಿಲಿನ ಮೇಲೋ ಎಷ್ಟು ಬಂದು ಬಿದ್ದಿತು ಅನ್ನುವುದು ಲಕ್ಸ್.

"ಅಂದ್ರೆ ನನ್ನ ಹೆಂಡತಿ ಬೈಗುಳದ ಹಾಗೆ. ಅಡುಗೆಮನೆಯಲ್ಲಿ ಹೊರಟಿದ್ದು ಎಷ್ಟು, ಜಗಲಿಯಲ್ಲಿ ಕೂತ ನನ್ನ ಕಿವಿಗೆ ಬಿದ್ದಿದ್ದು ಎಷ್ಟು."

"ಹೌದು. ಎರಡರಷ್ಟು ದೂರ ಹೋಗಿ ಕೂತ್ರೆ ಅರ್ಧ ಅಲ್ಲ, ಕಾಲು ಭಾಗ ಮಾತ್ರ ಬೀಳುತ್ತೆ. ಮೂರರಷ್ಟು ದೂರಕ್ಕೆ ಒಂಬತ್ತರಲ್ಲಿ ಒಂದು ಭಾಗ."

"ಅದಕ್ಕೇ ನಾನು ಸ್ಟೇಷನ್ನಲ್ಲೇ ಇರೋದು."

ಅವಳಿಗೂ ನಗು ಬಂತು. ಮೀಟರಿನ ಮೇಲೆ ಅಂಕಿ ಮೂಡಿತು. 248.0. ಅದನ್ನು ಎರಡು ಮೀಟರಿಗೆ ಜಾರಿಸಿದಳು. 62.0. ನೋಡಿ, ಕಾಲು ಭಾಗ ಎಂದಳು. ಇನ್ಸ್‌ಪೆಕ್ಟರು ತಲೆಯಾಡಿಸಿ, ಆಮೇಲೆ ಕೋಟಿನೊಳಗೆ ಕೈಹಾಕಿ ಮಡಿಸಿದ ಕಾಗದ ತೆಗೆದು ಅವಳ ಟಾರ್ಚಿನ ಕೆಳಗೆ ಹರಡಿದರು.

ಅವಳ ಪ್ರಯೋಗಾಲಯದ್ದೇ ಕಾಗದ. ತಾತ ಸಾಯುವುದಕ್ಕೆ ಎರಡು ದಿನ ಮೊದಲಿನ ಮಂಗಳವಾರದ ತಾರೀಖು. ಕಾರ್ಖಾನೆಯ ಮೆಟ್ಟಿಲಿನ ಮೇಲಿನ ಬೆಳಕಿನ ಪ್ರಮಾಣಪತ್ರ. ಕೆಳಗೆ ಅವಳ ಸಹಿ.

ಮೇಲಿನ ಮೆಟ್ಟಿಲು 248.0. ನಡುವಿನ ಮೆಟ್ಟಿಲು 158.7. ಕೆಳಗಿನ ಮೆಟ್ಟಿಲು 110.2.

ಮೆಟ್ಟಿಲಿಗೆ ನೂರು ಲಕ್ಸ್ ಇದ್ದರೆ ಸಾಕು. ಮೂರೂ ನೂರರ ಮೇಲಿದ್ದವು.

ಇನ್ನೂರ ನಲವತ್ತೆಂಟು. ಹೆತ್ತವರಿಗೆ ಮಗುವಿನ ಹುಟ್ಟಿದ ದಿನ ಹೇಗೋ ಹಾಗೆ ಅವಳಿಗೆ ಆ ಅಂಕಿ. ಆ ದೀಪದ ಬಲವೇ ಇನ್ನೂರ ನಲವತ್ತೆಂಟು ಕ್ಯಾಂಡೆಲಾ. ಅದರ ಮುಂದೆ ಒಂದು ಮೀಟರ್ ದೂರದಲ್ಲಿ ಏನಿಟ್ಟರೂ ಬೀಳುವುದು ಅಷ್ಟೇ ಲಕ್ಸ್. ಮನಸ್ಸು ತಾನಾಗಿಯೇ ಲೆಕ್ಕ ಮಾಡಿತು. ಒಂದೂಕಾಲು ಮೀಟರಿಗೆ ನೂರ ಐವತ್ತೆಂಟು ಚಿಲ್ಲರೆ. ಒಂದೂವರೆಗೆ ನೂರ ಹತ್ತು ಚಿಲ್ಲರೆ. ಬಿಂದುವಿನ ಆಚೆಯ ಅಂಕಿಯವರೆಗೂ ಸರಿ.

ಯಾವ ಮೆಟ್ಟಿಲಿನ ಮೇಲೂ ಬೆಳಕು ಹೀಗೆ ಬೀಳುವುದಿಲ್ಲ. ಸುಣ್ಣದ ಗೋಡೆ ಸ್ವಲ್ಪ ಎಸೆಯುತ್ತದೆ, ಸೂರು ಸ್ವಲ್ಪ ಎಸೆಯುತ್ತದೆ, ಅಂಕಿ ಗೋಜಲಾಗುತ್ತದೆ. ಇಷ್ಟು ಶುದ್ಧವಾಗಿ ಬೀಳುವುದು ಕಪ್ಪು ಗೋಡೆಯ ಈ ಒಂದು ಕೋಣೆಯಲ್ಲಿ ಮಾತ್ರ. ಆ ಮೂರು ಅಂಕಿಗಳನ್ನು ಯಾರೋ ತೆಗೆದುಕೊಂಡದ್ದು ಇಲ್ಲಿ, ಈ ದೀಪದ ಮುಂದೆ ನಿಂತು. ಹದಿನೆಂಟು ನಿಮಿಷದಲ್ಲಿ. ಹತ್ತು ನಿಮಿಷ ಹದಕ್ಕೆ, ಎಂಟು ನಿಮಿಷ ಕೆಲಸಕ್ಕೆ.

ಮಂಗಳವಾರವಂತೂ ಅಲ್ಲ. ಬುಧವಾರ ಸಂಜೆ ಅವಳೇ ದೀಪ ಉರಿಸಿದ್ದಳು. ಆಗ ಡಬ್ಬಿಯೂ ಪುಸ್ತಕವೂ ಒಂದೇ ಹೇಳುತ್ತಿದ್ದವು. ಗುರುವಾರದಿಂದ ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ರಜೆ. ಶುಕ್ರವಾರ ಆಸ್ಪತ್ರೆಯ ಮೊಗಸಾಲೆಯಲ್ಲಿ, ಅತ್ತೆ ಬಿಚ್ಚಿಕೊಟ್ಟ ಕಿವಿಯೋಲೆಗಳನ್ನು ಎಡಗೈಯಲ್ಲಿ ಹಿಡಿದು, ಮೊಣಕಾಲ ಮೇಲೆ ಕಾಗದಗಳ ಕಟ್ಟು ಇಟ್ಟುಕೊಂಡು ಓದದೆ ಸಹಿ ಹಾಕಿದ್ದಳು. ಕಟ್ಟು ತಂದವನು ಮೈದುನ. ಕಾರ್ಖಾನೆಗಳಿಗೆ ಹೋಗಿ ಅಳೆದು ಬರುವವನು ಅವನೇ. ರಜೆಯಲ್ಲಿ ಈ ಕೋಣೆಯ ಬೀಗದಕೈ ಇದ್ದದ್ದೂ ಅವನ ಹತ್ತಿರವೇ.

"ಸಹಿ ನಿಮ್ದೇ ತಾನೆ?"

"ನನ್ನದೇ."

"ಅಳೆದವರು?"

"ನನ್ನ ಮೈದುನ."

"ಕಾರ್ಖಾನೆ ಮಾಲೀಕರು ನಿಮ್ಮ ಓರಗಿತ್ತಿಗೆ ಸ್ವಂತ ಅಣ್ಣ ಅಂತೆ. ಇದನ್ನ ನನಗೆ ಹೇಳೋದು ಮರೆತುಹೋಯ್ತಾ?"

"ನೀವು ಕೇಳಲಿಲ್ಲ."

"ಈಗ ಕೇಳೋಕೇ ಬಂದೆ." ಅವರ ದನಿ ಏರಲಿಲ್ಲ. "ನಾಳೆ ಹನ್ನೊಂದಕ್ಕೆ ಆ ಹುಡುಗೀನ ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು. ಈ ಕಾಗದ ಸರಿ ಅಂತ ನೀವು ಒಂದು ಸಾಲು ಬರೆದುಕೊಟ್ರೆ ನಾನು ಕೊಲೆ ಅಂತ ಬರೀತೀನಿ. ಅಷ್ಟು ಬೆಳಕಲ್ಲಿ ತಾನಾಗಿ ಯಾರೂ ಬೀಳಲ್ಲ. ಸರಿಯಿಲ್ಲ ಅಂದ್ರೆ ಕತ್ತಲಲ್ಲಿ ಕಾಲು ತಪ್ಪಿದ್ದು ಅಂತ ಬರೀತೀನಿ. ಅವಳು ಮನೆಗೆ ಹೋಗ್ತಾಳೆ. ನನಗೆ ಎರಡೂ ಒಂದೇ. ಸರಿ ಯಾವುದು ಅಂತ ಹೇಳೋರು ಈ ಊರಲ್ಲಿ ನೀವೊಬ್ರೇ."

ಓಡಿಹೋಗೋಣವೆಂದರೆ ದೀಪ ಉರಿಯುತ್ತಿತ್ತು. ದೀಪ ಉರಿಯುವಾಗ ಬಾಗಿಲು ತೆಗೆಯಬಾರದು ಎಂಬ ನಿಯಮವನ್ನು ಹದಿನಾಲ್ಕು ವರ್ಷ ಬೇರೆಯವರಿಗೆ ಹೇಳಿದವಳು ಅವಳೇ. ಗೋಡೆಗಳು ಒಂದೊಂದು ಅಡಿ ಹತ್ತಿರ ಬಂದು ನಿಂತಂತಾಯಿತು. ಮತ್ತೆ ಲೆಕ್ಕ ನೋಡಬೇಕು, ಒಂದು ದಿನ ಬೇಕು ಎಂದಳು. ತನ್ನ ಸ್ವರ ಎಷ್ಟು ಸಲೀಸಾಗಿದೆಯಲ್ಲ ಎಂದು ಅವಳಿಗೇ ಹೆದರಿಕೆಯಾಯಿತು.

ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದು ಅವರು ಎದ್ದರು. ಅವಳು ದೀಪ ಆರಿಸಿ ಬಾಗಿಲು ತೆರೆದಾಗ ಹಗಲು ಕಣ್ಣಿಗೆ ಚುಚ್ಚಿತು. ಕೋಟು ಬಿಚ್ಚಿ ಕೊಡುತ್ತ ಇನ್ಸ್‌ಪೆಕ್ಟರು ಹೇಳಿದರು: "ಕತ್ತಲಲ್ಲಿ ಮುಖ ಕಾಣಲ್ಲ ನಿಜ. ಆದ್ರೆ ಆ ಕಾಗದ ಬಿಚ್ಚಿದಾಗ ನಿಮ್ಮ ಉಸಿರು ನಿಂತಿದ್ದು ನನಗೆ ಕೇಳಿಸ್ತು."

ಅವರು ಹೋದ ಮೇಲೆ ಅವಳು ಪುಸ್ತಕ ತೆರೆದು ಪೆನ್ನು ಹಿಡಿದು ಕುಳಿತಳು. ಈ ದಿನದ ಸಾಲು ಬರೆಯಬೇಕಿತ್ತು. ಎಲ್ಲಿಂದ ಶುರು ಮಾಡುವುದು? ಆರು ನಿಮಿಷದಿಂದಲೋ, ಇಪ್ಪತ್ನಾಲ್ಕರಿಂದಲೋ? ಏನೂ ಬರೆಯದೆ ಮುಚ್ಚಿಟ್ಟಳು.

*

ಮನೆಯಲ್ಲಿ ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು. ಅದೇ ಆ ಮನೆಯ ಕಷ್ಟ. ಏಳು ತಿಂಗಳ ಬಸುರಿ ಓರಗಿತ್ತಿ, ಅಕ್ಕ ಬರಲಿ ಎಂದು ಚಹಾ ಕುಡಿಯದೆ ಕುಳಿತಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆ, ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು, ಸುಸ್ತಾಗಿದೀಯ ಮೊದಲು ಕೂತ್ಕೋ ಎಂದರು. ಇವರಲ್ಲಿ ಒಬ್ಬರಾದರೂ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಕೆಟ್ಟವರ ಮನೆಯಿಂದ ಎದ್ದು ಹೋಗಬಹುದು.

ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಮೈದುನ ಬಂದು ಬಕೆಟ್ಟಿನ ಇನ್ನೊಂದು ಬದಿಗೆ ನಿಂತ. ಅಣ್ಣ ಸತ್ತಾಗ ಅವನಿಗೆ ಹನ್ನೆರಡು. ಕತ್ತಲಕೋಣೆಯ ಸ್ಟೂಲಿನ ಮೇಲೆ ಕೂರಿಸಿಕೊಂಡು ಅವಳೇ ಅವನಿಗೆ ವರ್ಗ, ಭಿನ್ನರಾಶಿ ಹೇಳಿಕೊಟ್ಟದ್ದು. ಒದ್ದೆ ಹೊದಿಕೆಯ ಒಂದು ತುದಿಯನ್ನು ಅವನು ಕೇಳದೆಯೇ ಹಿಡಿದುಕೊಂಡ. ಇಬ್ಬರೂ ಎರಡು ಕಡೆಗೆ ತಿರುಚತೊಡಗಿದರು.

"ಅತ್ತಿಗೆ, ಪುಸ್ತಕದಲ್ಲಿ ಹದಿನೆಂಟು ನಿಮಿಷ ಕಮ್ಮಿ ಇದೆ. ನೀವು ನೋಡಿರ್ತೀರಿ."

"ನೋಡಿದೆ."

"ಬುಧವಾರದ ಸಾಲಲ್ಲಿ ನೀವೇ ಸೇರಿಸಿಬಿಡಿ. ಆರನ್ನ ಇಪ್ಪತ್ನಾಲ್ಕು ಮಾಡಿ. ನಿಮ್ಮ ಅಕ್ಷರ, ಯಾರೂ ಕೇಳಲ್ಲ."

ಅವಳು ತಿರುಚುವುದನ್ನು ನಿಲ್ಲಿಸಲಿಲ್ಲ. ನೀರು ಕಾಲ ಮೇಲೆ ಸುರಿಯಿತು. ಅವನು ಒಂದೊಂದೇ ಹೇಳಿದ. ಮಂಗಳವಾರ ಮೆಟ್ಟಿಲಿಗೆ ಹೋದದ್ದು ನಿಜ, ಅಳೆದದ್ದೂ ನಿಜ. ಮೇಲೆ ಒಂಬತ್ತು ಲಕ್ಸ್, ಕೆಳಗೆ ನಾಲ್ಕು. ಕಾರ್ಖಾನೆಯ ಮಾಲೀಕ ಭಾವನಿಗೆ ಹೇಳಿದಾಗ ವಾರದಲ್ಲಿ ಸರಿ ಮಾಡಿಸುತ್ತೇನೆ, ಅಲ್ಲಿಯವರೆಗೆ ಏನೂ ಬರೆಯಬೇಡ ಎಂದ. ಗುರುವಾರ ತಾತ ಸತ್ತ. ಮಧ್ಯಾಹ್ನ ಭಾವ ಪ್ರಯೋಗಾಲಯದ ಮುಂದೆ ಬಂದು ಅಳುತ್ತ ನಿಂತ. ತಂಗಿಯ ಹೊಟ್ಟೆಯಲ್ಲಿರುವ ಮಗುವನ್ನು ನೆನೆಸಿಕೋ ಎಂದ.

"ಮನಸ್ಸಿಗೆ ಬಂದ ಯಾವುದೋ ಮೂರು ಅಂಕಿ ಬರೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದಳು ಅವಳು. "ದೀಪದ ಮುಂದೆ ಯಾಕೋ ನಿಂತೆ?"

ಅವನು ಹೊದಿಕೆಯ ತುದಿ ಹಿಡಿದೇ ಇದ್ದ. "ಕಣ್ಣಿಂದ ನೋಡದ ಅಂಕಿ ಬರೀಬಾರದು ಅಂತ ನೀವೇ ಹೇಳಿಕೊಟ್ಟಿದ್ರಲ್ಲ. ಕೈ ಓಡಲಿಲ್ಲ ಅತ್ತಿಗೆ. ನೋಡಿಯೇ ಬರೆದೆ. ಪುಸ್ತಕದಲ್ಲಿ ಬರೆದಿದ್ರೆ ತಾರೀಖು ಹಾಕ್ಬೇಕಿತ್ತು, ಅದಕ್ಕೆ ಬಿಟ್ಟೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಳ್ಳು ಹೇಳುವಾಗಲೂ ಅವನು ಅವಳ ಪಾಠ ಮರೆತಿರಲಿಲ್ಲ.

"ಒಂದು ಹುಡುಗಿ ಒಳಗಿದಾಳೆ."

"ಗೊತ್ತು. ಬೇಲ್ ಸಿಗುತ್ತೆ ಅಂತಾರೆ ಭಾವ. ಅವಳಿಗೆ ಸಿಗುತ್ತೆ. ನಾನು ಒಳಗೆ ಹೋದ್ರೆ ಅಮ್ಮನ್ನ ನೋಡಿಕೊಂಡು, ಇವಳ ಬಾಣಂತನ ಮಾಡಿಕೊಂಡು, ನೀವೊಬ್ರೇ ಏನ್ ಮಾಡ್ತೀರಿ? ನಿಮ್ಮ ಸಹಿ ಇದೆ ಅದರ ಮೇಲೆ. ನೀವೂ ಉಳಿಯಲ್ಲ."

ಅವನು ಅದನ್ನು ಬೆದರಿಕೆಯಾಗಿ ಹೇಳಲಿಲ್ಲ. ಅವಳ ಬಗ್ಗೆ ಮರುಕದಿಂದಲೇ ಹೇಳಿದ. ಹಾಗಾಗಿಯೇ ಅದು ಬಾಗಿಲಿನ ಹಾಗೆ ಮುಚ್ಚಿಕೊಂಡಿತು.

"ಒಂದೇ ಕೇಳ್ತೀನಿ. ನೀನು ಮಂಗಳವಾರ ಬಿಟ್ರೆ ಮತ್ತೆ ಆ ಮೆಟ್ಟಿಲಿಗೆ ಹೋಗಿದ್ಯಾ?"

"ಇಲ್ಲ. ಅಮ್ಮನ ಕಣ್ಣಾಣೆ, ಆ ಕಡೆ ಕಾಲೇ ಇಟ್ಟಿಲ್ಲ."

ಅವಳು ನಂಬಿದಳು. ಅವನು ಹೊದಿಕೆಯನ್ನು ಹಗ್ಗದ ಮೇಲೆ ಹರಡಿ, ಮೂಲೆಗಳನ್ನು ಸರಿ ಮಾಡಿ, ಒಳಗೆ ಹೋದ. ಅಕ್ಕ ಊಟಕ್ಕೇನು ಮಾಡಲಿ ಎಂದು ಓರಗಿತ್ತಿ ಕೂಗಿದಳು. ಏನಾದರೂ ಮಾಡು ಎಂದಳು ಇವಳು. ಆರನ್ನು ಇಪ್ಪತ್ನಾಲ್ಕು ಮಾಡುವುದು ಕಷ್ಟವಲ್ಲ. ಒಂದು ಅಂಕಿಗೆ ಅಡ್ಡಗೆರೆ, ಪಕ್ಕದಲ್ಲಿ ಇನ್ನೊಂದು. ತಪ್ಪು ತಿದ್ದಿದ್ದೇನೆಂದು ಎರಡಕ್ಷರದ ಸಹಿ. ಯಾರು ಬೇಡವೆನ್ನುತ್ತಾರೆ?

ಅತ್ತೆಯ ಕಣ್ಣಿನ ಹನಿ ಹಾಕುವ ಹೊತ್ತಾಗಿತ್ತು. ಔಷಧಿ ತೆಗೆಯಲು ಹೋದಾಗ ಪಕ್ಕದ ಮೊಳೆಯಲ್ಲಿ ಮೈದುನನ ಚರ್ಮದ ಚೀಲ ತೂಗುತ್ತಿತ್ತು. ಸೋಮವಾರ ಅವನ ಮೀಟರು ಒರೆಸಿಡುವುದು ಅವಳ ಅಭ್ಯಾಸ. ರಜೆಯಲ್ಲಿ ಹೋದ ಸೋಮವಾರ ತಪ್ಪಿತ್ತು. ಕೈ ತಾನಾಗಿ ಚೀಲದ ಕೊಂಡಿ ಬಿಚ್ಚಿತು.

ಮೀಟರಿನ ಕಣ್ಣಿನ ಮೇಲೆ ಗುಮ್ಮಟದಂಥ ಒಂದು ಬಿಳಿ ಟೊಪ್ಪಿ ಇರುತ್ತದೆ. ಓರೆಯಾಗಿ ಬರುವ ಬೆಳಕನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಹಾಲಿನ ಬಣ್ಣ, ಸ್ವಲ್ಪ ಬಾಗಿದ ಪ್ಲಾಸ್ಟಿಕ್ಕು. ಮೆತ್ತನೆಯ ಬಟ್ಟೆಯಿಂದ ಅದನ್ನು ಸುತ್ತ ಒರೆಸುತ್ತ ಬಂದ ಅವಳ ಬೆರಳು ಅಂಚಿನ ಒಂದು ಕಡೆ ತಡೆದು ನಿಂತಿತು. ಅಲ್ಲಿ ಕಪ್ಪು ಟೇಪು ಅಂಟಿಸಿತ್ತು. ಬಿಚ್ಚಿದಳು.

ಉಗುರಿನಷ್ಟು ಚೂರು ಇರಲಿಲ್ಲ.

ಕತ್ತಲಕೋಣೆಯಲ್ಲಿ ನೋಡಿಯೂ ನೋಡದ ಚೂರು ಈಗ ಕಣ್ಣ ಮುಂದೆ ಸ್ಪಷ್ಟವಾಗಿ ಬಂದು ನಿಂತಿತು. ತಾತನ ಮೈ ಕೆಳಗೆ ಸಿಕ್ಕದ್ದು. ಗುರುವಾರ ಬೆಳಿಗ್ಗೆ ಎಂಟರ ತನಕ ಅಲ್ಲಿರದಿದ್ದದ್ದು.

ಬುಧವಾರ ಸಂಜೆ ಅವಳು ದೀಪ ಉರಿಸಿದ್ದು ಬೇರೆ ಯಾವುದಕ್ಕೂ ಅಲ್ಲ, ಇದೇ ಮೀಟರು ಸರಿಯಿದೆಯೇ ಎಂದು ನೋಡಲು. ಆಮೇಲೆ ಈ ಟೊಪ್ಪಿಯನ್ನು ತಾನೇ ಒರೆಸಿ, ಇಡಿಯಾಗಿದೆಯೆಂದು ನೋಡಿ, ತಾನೇ ಅವನ ಕೈಗೆ ಕೊಟ್ಟಿದ್ದಳು.

ಒಳಗಿನಿಂದ ಅತ್ತೆ ಕರೆದರು. ಅವಳು ಟೇಪನ್ನು ಮತ್ತೆ ಹಾಗೆಯೇ ಅಂಟಿಸಿದಳು. ಮೀಟರನ್ನು ಚೀಲಕ್ಕೆ ಹಾಕಲು ಹೋಗಿ, ಹಾಕಲಿಲ್ಲ. ಚೀಲದೊಳಗೆ ಅಷ್ಟೇ ಭಾರದ ಹಳೆಯ ಟಾರ್ಚು ಇಟ್ಟು ಕೊಂಡಿ ಬಿಗಿದಳು. ನಾಳೆ ತೆಗೆದುಕೊಂಡು ಹೋಗುವ ತನ್ನ ಊಟದ ಚೀಲದಲ್ಲಿ, ಡಬ್ಬಿಯ ಅಡಿಗೆ, ಒರೆಸುವ ಬಟ್ಟೆಯಲ್ಲಿ ಸುತ್ತಿದ ಮೀಟರನ್ನು ಇಟ್ಟಳು. ಹತ್ತಕ್ಕೆ ಇನ್ಸ್‌ಪೆಕ್ಟರು ಬರುತ್ತಾರೆ. ಅದಕ್ಕೆ ಮೊದಲು, ಎಂಟಕ್ಕೆ, ತಾನೇ ಲಾಕಪ್ಪಿಗೆ ಹೋಗಬೇಕು. ಆ ಹುಡುಗಿಯನ್ನು ಇಷ್ಟು ದಿನದಲ್ಲಿ ಯಾರೂ ಕೇಳದ ಒಂದು ಮಾತು ಕೇಳಬೇಕು. ಮೆಟ್ಟಿಲಿನ ಮೇಲೆ ನೀವಿಬ್ಬರೇ ಇದ್ದಿರಾ? ನಾಲ್ಕು ಲಕ್ಸಿನಲ್ಲಿ ಮುಖ ಕಾಣದು, ನಿಜ. ಹೆಜ್ಜೆ ಕೇಳುತ್ತದೆ. ಅವಳು ಏನು ಹೇಳಿದರೂ ಹತ್ತು ಗಂಟೆಗೆ ಈ ಟೊಪ್ಪಿ ಆ ಚೂರಿನ ಪಕ್ಕದಲ್ಲಿರಬೇಕು. ಪುಸ್ತಕದ ಆರು ಆರಾಗಿಯೇ ಇರಬೇಕು.

ಅತ್ತೆ ಮಂಚದ ಮೇಲೆ ತಲೆ ಹಿಂದಕ್ಕೆ ಚೆಲ್ಲಿ ಕಾಯುತ್ತಿದ್ದರು. ಕನ್ನಡಕ ತೆಗೆದಾಗ ಹೊಸ ಕಣ್ಣು ದೀಪದ ಬೆಳಕಿಗೆ ಕಿರಿದಾಯಿತು.

"ಈಗ ನಿನ್ನ ಮುಖ ಚೆನ್ನಾಗಿ ಕಾಣುತ್ತೆ ಕಣೇ," ಎಂದರು. "ಚಿಕ್ಕೋನು ಏನೋ ಮಂಕಾಗಿದಾನೆ. ಏನಾದ್ರೂ ಹೇಳಿದ್ನಾ ನಿಂಗೆ? ನನಗಿಂತ ನಿನಗೇ ಹೇಳ್ಕೊಳ್ಳೋದು ಅವನು."

"ಏನಿಲ್ಲ ಅತ್ತೆ. ಕಣ್ಣು ಅಲ್ಲಾಡಿಸಬೇಡಿ."

ಎಡಗೈಯಲ್ಲಿ ರೆಪ್ಪೆ ಬಿಡಿಸಿ, ಬಲಗೈಯಲ್ಲಿ ಸೀಸೆ ಓರೆ ಮಾಡಿದಳು. ಹನಿ ಅಲುಗದೆ, ಸರಿಯಾಗಿ ನಡುವಿಗೆ ಬಿತ್ತು.